ಹೊನ್ನಿನ ಮರಳು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಕುಂಜರಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಮಕ್ಕಳು ಹೊಳೆಯ ಮರಳನ್ನು ಹಲಗೆಯ ಮೇಲೆ ಹರಡಿ, ಬೆರಳಿನಿಂದ ಅಕ್ಷರ ತಿದ್ದಿ ಕಲಿಯುತ್ತಿದ್ದರು.

ಒಂದು ದಿನ ಕಡಲಾಚೆಯ ಸ್ಫಟಿಕದ್ವೀಪದಿಂದ ವಜ್ರದಂತನೆಂಬ ಮಾಂತ್ರಿಕ ಬಂದ. ಅವನ ಹಡಗಿನ ತುಂಬ ಹೊನ್ನಿನ ಮರಳು.

"ಮಹಾರಾಜರೇ, ನಿಮ್ಮ ಪಾಠಶಾಲೆಗಳಿಗೆಲ್ಲ ಇದು ನಮ್ಮ ದೊರೆಯ ಕಾಣಿಕೆ. ಇದಕ್ಕೆ ಬೇರೆ ಮರಳು ಮಾತ್ರ ಬೆರೆಸಬಾರದು," ಎಂದ. ರಾಜ ಹಿಗ್ಗಿ ಒಪ್ಪಿದ.

ಮೊದಲ ದಿನ ಮಕ್ಕಳು 'ಮರ' ಎಂದು ಬರೆದರು. ಹಲಗೆಯಿಂದ ಮರವೇ ಎದ್ದಿತು! ನೀಲಿ ಎಲೆ, ಬೆಳ್ಳಿ ಹಣ್ಣು. ಎರಡನೆಯ ದಿನ 'ಹೊಳೆ' ಎಂದು ಬರೆದರು. ಬೆಳಕಿನ ಹೊಳೆ ಹರಿಯಿತು, ಅದರಲ್ಲಿ ಮೀನುಗಳು ಹಾಡಿದವು. ಮೂರನೆಯ ದಿನ 'ಮನೆ' ಎಂದು ಬರೆದರು. ಮುಗಿಲು ಮುಟ್ಟುವ ಮಂಜಿನ ಅರಮನೆ ಎದ್ದು, ಅದರ ಬಾಗಿಲು ತಾನಾಗಿ ತೆರೆಯಿತು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ನಡೆದರು.

ತಮ್ಮ ಗುಂಡಣ್ಣನನ್ನು ಕರೆದೊಯ್ಯಲು ಬಂದ ಚೆಲುವಿ ಕಣ್ಣರಳಿಸಿ ನಿಂತುಬಿಟ್ಟಳು. ಅಂಥ ಸೊಬಗನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ. ಗುಂಡಣ್ಣ ಆಗಲೇ ಅರಮನೆಯ ಮೆಟ್ಟಿಲ ಮೇಲಿದ್ದ.

"ಗುಂಡಣ್ಣಾ, ಬಾರೋ, ಮನೆಗೆ ಹೋಗೋಣ."

"ಇದೇ ನಮ್ಮ ಮನೆ. ನೀನು ಯಾರು?"

ಚೆಲುವಿ ಮಾಂತ್ರಿಕನತ್ತ ತಿರುಗಿದಳು. ವಜ್ರದಂತ ನಕ್ಕ. "ನಾನು ಯಾರನ್ನೂ ಎಳೆದೊಯ್ಯುತ್ತಿಲ್ಲ ತಾಯಿ, ಅವರೇ ಬರುತ್ತಿದ್ದಾರೆ. ಹೊತ್ತು ಮುಳುಗಿದರೆ ಬಾಗಿಲು ಮುಚ್ಚುತ್ತದೆ. ನೀನೂ ಬಂದುಬಿಡು."

ಚೆಲುವಿ ಪಕ್ಕದ ಹಲಗೆಗೆ ಕೈಹಾಕಿದಳು. ತಮ್ಮ ಮನೆಯಂಗಳದ ಮಾವಿನ ಮರವನ್ನು ನೆನೆದು 'ಮರ' ಬರೆದಳು. ನೀಲಿ ಎಲೆಯೇ ಬಂತು. ತಾನು ಈಜಿದ ಹೊಳೆಯನ್ನು ನೆನೆದು 'ಹೊಳೆ' ಬರೆದಳು. ಬೆಳಕಿನ ಹೊಳೆಯೇ ಬಂತು.

'ಪಾಪ, ಈ ಮರಳಿಗೆ ತನ್ನ ನಾಡು ಬಿಟ್ಟರೆ ಬೇರೇನೂ ಗೊತ್ತಿಲ್ಲ' ಎಂದುಕೊಂಡು ಹೊಳೆದಂಡೆಗೆ ಓಡಿದಳು. ಸೆರಗಿನ ತುಂಬ ಒದ್ದೆ ಮರಳು ತಂದು ಹಲಗೆಗೆ ಸುರಿದಳು.

"ಬೆರೆಸಬೇಡ!" ಮಾಂತ್ರಿಕ ಚೀರಿದ.

ಅವಳು 'ಮನೆ' ಎಂದು ಬರೆದಳು. ಅರಮನೆಯ ಪಕ್ಕದಲ್ಲೇ ಹೆಂಚಿನ ಪುಟ್ಟ ಮನೆ ಎದ್ದಿತು. ಒಲೆಯ ಹೊಗೆ, ರೊಟ್ಟಿಯ ವಾಸನೆ. ಒಳಗಿಂದ ಅವರ ಅಜ್ಜಿಯ ದನಿ: "ಈಗ ಬರದಿದ್ರೆ ಬೆಣ್ಣೆಯೆಲ್ಲ ಬೆಕ್ಕಿಗೆ ಹಾಕ್ತೀನಿ ನೋಡ್ರೋ!"

"ಅಯ್ಯೋ ಅಕ್ಕಾ, ನನ್ನ ಬೆಣ್ಣೆ!" ಗುಂಡಣ್ಣ ಮೆಟ್ಟಿಲಿಂದ ಜಿಗಿದ. ಅವನ ಹಿಂದೆಯೇ ಮಕ್ಕಳೆಲ್ಲ ಹೊರಗೆ ಓಡಿಬಂದರು. ಅರಮನೆ ಬರಿದಾಗುತ್ತಲೇ ಮಾಟ ಮುರಿದು, ವಜ್ರದಂತ ಒಂದು ಹಿಡಿ ಮರಳಾಗಿ ಉದುರಿಹೋದ.

ಹೊನ್ನಿನ ಮರಳನ್ನು ಯಾರೂ ಎಸೆಯಲಿಲ್ಲ, ಹೊಳೆಯ ಮರಳಿನೊಂದಿಗೆ ಬೆರೆಸಿಟ್ಟುಕೊಂಡರು. ಅಂದಿನಿಂದ ಕುಂಜರಾವತಿಯಲ್ಲಿ 'ಮರ' ಎಂದು ಬರೆದರೆ ಒಂದು ಕೊಂಬೆಯಲ್ಲಿ ಮಾವು, ಇನ್ನೊಂದರಲ್ಲಿ ಬೆಳ್ಳಿ ಹಣ್ಣು. ಮಕ್ಕಳು ಎರಡನ್ನೂ ತಿಂದು, ಬೆಳಕಿನ ಹೊಳೆಯಲ್ಲಿ ಈಜಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. ಎಲ್ಲರೂ ಸುಖವಾಗಿದ್ದರು. ಅಜ್ಜಿಯ ಬೆಕ್ಕಿಗೆ ಮಾತ್ರ ಬೆಣ್ಣೆ ಸಿಗಲೇ ಇಲ್ಲ.