ಕಣ್ಣಿಲ್ಲದ ತಲೆ

"ಆ ತಲೆಗೆ ಕಣ್ಣು ಬರೀಬೇಡ ಕಣಪ್ಪಾ," ಎಂದಳು ಚಿಕ್ಕಮುನಿಯಮ್ಮ, ಏಣಿಯ ಬುಡ ಹಿಡಿದುಕೊಂಡು.

ಮೇಲಿದ್ದ ಮಗ ಗೌರೀಶ ನಕ್ಕ. ಬಸವನಗುಡಿಯ ಈ ಹಳೆಯ ಬಂಗಲೆಯನ್ನು ಅವನು ಕೊಂಡದ್ದೇ ಬಾಗಿಲ ಮೇಲಿನ ಗಾರೆಯ ಗಂಡಭೇರುಂಡಕ್ಕಾಗಿ. ವಾರ್ಡಿನ ಚುನಾವಣೆಗೆ ನಿಲ್ಲುವವನು. ರಾಜ್ಯದ ಲಾಂಛನದ ಹಕ್ಕಿಯ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಆದರೆ ಬಲಗಡೆಯ ತಲೆಗೆ ಕಣ್ಣಿರಲಿಲ್ಲ. ಆ ಕುಳಿಗೆ ಯಾವ ಕಾಲದಲ್ಲೋ ಅರಗು ತುಂಬಿದ್ದರು.

"ಸರ್ಕಾರದ ಹಕ್ಕಿಗೆ ಎರಡು ಕಡೆನೂ ಕಣ್ಣಿದೆ. ಯಾರ್ಗೇನಾಗಿದೆ? ಎರಡು ತಲೆ ಅಂದ್ರೆ ಡಬಲ್ ಪವರ್ ಕಣಮ್ಮ."

"ತಲೆ ಎರಡಾದ್ರೂ ಹೊಟ್ಟೆ ಒಂದೇ ಕಣೋ. ಹೂವಿನ ಪಾರ್ವತಮ್ಮ ಹೇಳಿದ್ಲು. ಹಿಂದೆ ಈ ಮನೇಲಿದ್ದ ಅಣ್ಣ-ತಮ್ಮಂದ್ರಲ್ಲಿ ಅಣ್ಣ ಮಾಟ ಮಾಡ್ಸಿ ಇದರ ಕಣ್ಣು ಕಟ್ಸಿದ್ನಂತೆ. ತಮ್ಮ ಕುರುಡಾಗಿ ಇದೇ ಹೊಸಿಲ ಮೇಲೆ ಸತ್ತ. ಈಗ ತೆರೆದ್ರೆ ಅದು ಮೊದ್ಲು ಕಂಡೋರ ಕಣ್ಣು ಕಿತ್ಕೊಳ್ಳತ್ತೆ. ಬರೀಲೇಬೇಕು ಅಂದ್ರೆ ಕನ್ನಡಿ ತೋರ್ಸು. ದೇವ್ರಿಗೆ ಕಣ್ಣು ತೆರೆಯೋವಾಗ ತೋರಿಸ್ತಾರಲ್ಲ, ಹಂಗೆ."

ಅವಳು ಕೊಟ್ಟ ಕನ್ನಡಿಯಲ್ಲಿ ಗೌರೀಶ ಮೀಸೆ ತೀಡಿಕೊಂಡ. ಕೆಳಕ್ಕೆ ಎಸೆದ.

ಉಳಿ ತಾಗಿತು. ಅರಗು ಕಳಚಿತು. ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ಕುಂಚವನ್ನು ಕಪ್ಪಿನಲ್ಲಿ ಅದ್ದಿ ಕಣ್ಣುಗುಡ್ಡೆ ಇಟ್ಟ.

ನಡುಮಧ್ಯಾಹ್ನದ ಬಿಸಿಲು ಮಬ್ಬಾಯಿತು. ಮೋಡವಿರಲಿಲ್ಲ. ಆಟೊಗಳ ಹಾರ್ನ್ ಕೇಳುತ್ತಿತ್ತು, ರಸ್ತೆ ಕಾಣಲಿಲ್ಲ. ಏಣಿ ಹೋಯಿತು. ತನ್ನ ಕೈ ಹೋಯಿತು. ಉಳಿದದ್ದು ಆ ಕಣ್ಣೊಂದೇ.

"ಅಮ್ಮಾ! ಕಾಣ್ತಿಲ್ಲ! ಕನ್ನಡಿ ಕೊಡು!"

"ಒಡೆದೋಗಿದೆ ಮಗಾ... ಪೂರ್ತಿ ಕತ್ತಲಾಗೋಕೆ ಮುಂಚೆ ಇನ್ಯಾರಾದ್ರೂ ಅದನ್ನ ನೋಡ್ಬೇಕಂತೆ. ಆಗ ನಿನ್ನ ಬಿಟ್ಟು ಅವ್ರ ಕಣ್ಣು ತಗೊಳ್ಳತ್ತಂತೆ."

"ನೀನೇ ನೋಡಮ್ಮ. ಬೇಗ ನೋಡು!"

ಚಿಕ್ಕಮುನಿಯಮ್ಮ ಸೆರಗು ಸರಿಮಾಡಿಕೊಂಡು ಮುಖ ಎತ್ತಿದಳು.

ಬೆಳಕು ಮರಳಿತು. ಒಮ್ಮೆಗೇ. ಗೌರೀಶ ಇಳಿದು ಬಂದಾಗ ಅವಳು ಅವನ ಮುಖ ತಡವಿದಳು. "ಕಾಣ್ತಿದ್ಯಾ ಮಗಾ?"

"ಕಾಣ್ತಿದೆ," ಎಂದು ಅವನು ಆ ಕೈಯನ್ನು ಸರಿಸಿದ.

ಮರುದಿನ ಫೋಟೊದವನು ಕ್ಯಾಮೆರಾ ಇಳಿಸಿ ಕೇಳಿದ, "ಅಣ್ಣಾ, ಆ ತಲೆ ಕಣ್ಣಿಗೆ ಯಾಕೆ ಬೇರೆ ಬಣ್ಣ?"

ಕಪ್ಪು ಗುಡ್ಡೆಯ ಮೇಲೆ ಪೊರೆ ಬಂದಿತ್ತು. ಕಂದು ಬಣ್ಣದ ಮುದಿಗಣ್ಣು. ಅದು ಗೌರೀಶನನ್ನೇ ನೋಡುತ್ತಿತ್ತು. ತುಂಬಿತು. ಅವನ ಬಿಳಿ ಅಂಗಿಯ ಮೇಲೆ ಬೆಚ್ಚನೆಯ ಹನಿಯೊಂದು ಬಿತ್ತು.

ಫೋಟೊದವನನ್ನು ಕಳಿಸಿ ಗೌರೀಶ ಅರಗು ಕಾಯಿಸಿದ. ಏಣಿ ಹತ್ತಿದ. ಕುದಿಯುವ ಅರಗನ್ನು ಆ ಕಣ್ಣಿಗೆ ಸುರಿದ.

ಒಳಮನೆಯಲ್ಲಿ ಚಿಕ್ಕಮುನಿಯಮ್ಮ ಚೀರಿದಳು.