ಬಾಣಂತಿಗೆ ತಣ್ಣನೆಯ ರಕ್ತ

"ಅಜ್ಜಿ, ಅದನ್ನ ಆಚೆ ತೆಗೀಬೇಡ!" ಎಂದಳು ವರಲಕ್ಷ್ಮಿ, ಓಡುತ್ತಿದ್ದ ವ್ಯಾನಿನಲ್ಲಿ.

ಅಜ್ಜಿ ಭದ್ರಮ್ಮ ಆಗಲೇ ತೆಗೆದಾಗಿತ್ತು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಎರಡು ರಕ್ತದ ಚೀಲಗಳಿದ್ದವು. ಮೇಲಿನದನ್ನು ಮಡಿಲಲ್ಲಿ ಮಲಗಿಸಿಕೊಂಡು ಉಲ್ಲನ್ ಶಾಲು ಹೊದಿಸಿದಳು. ಬೆಳಗ್ಗೆ ಹುಟ್ಟಿದ ಮೊಮ್ಮಗನಿಗೂ ಅವಳು ಅಷ್ಟು ಚೆನ್ನಾಗಿ ಹೊದಿಸಿರಲಿಲ್ಲ.

ಆ ಮೊಮ್ಮಗ ವರಲಕ್ಷ್ಮಿಯ ತಮ್ಮ. ರಾಯಕೋಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ್ದ. ಅವನು ಚೆನ್ನಾಗಿದ್ದ. ಅಮ್ಮ ಜಯಂತಿ ಚೆನ್ನಾಗಿರಲಿಲ್ಲ. ಹೆರಿಗೆಯಾದ ಮೇಲೆ ರಕ್ತ ಸುರಿದು ಸುರಿದು ಮೈಯೆಲ್ಲ ಬಿಳಿಚಿಕೊಂಡಿತ್ತು. "ಬೇಗ ಎರಡು ಚೀಲ ರಕ್ತ ತನ್ನಿ" ಎಂದರು ಡಾಕ್ಟರು. ಅಪ್ಪ ಅಮ್ಮನ ಹತ್ತಿರ ಉಳಿದ. ಗಿರಿ ಮಾವ ವ್ಯಾನ್ ತೆಗೆದ. ಅಜ್ಜಿ ಯಾರೂ ಕರೆಯದೆಯೇ ಹತ್ತಿದಳು, ವರಲಕ್ಷ್ಮಿಯನ್ನೂ ಹತ್ತಿಸಿಕೊಂಡಳು.

ಈಗ ಕೃಷ್ಣಗಿರಿಯ ಬ್ಲಡ್ ಬ್ಯಾಂಕಿನಿಂದ ವಾಪಸು ಬರುತ್ತಿದ್ದರು.

"ಮುಚ್ಚಳದ ಮೇಲೆ ಬರೆದವ್ರೆ ನೋಡಜ್ಜಿ." ವರಲಕ್ಷ್ಮಿ ತಮಿಳು ಅಕ್ಷರಗಳ ಮೇಲೆ ಬೆರಳಿಟ್ಟಳು. "ತಣ್ಣಗಿಡಬೇಕಂತೆ. ದಾರೀಲಿ ತೆಗೀಬಾರ್ದಂತೆ."

"ಬರ್ದೋನು ಎಷ್ಟು ಬಾಣಂತನ ಮಾಡವ್ನಂತೆ?"

ಅದು ಮುಚ್ಚಳದ ಮೇಲೆ ಬರೆದಿರಲಿಲ್ಲ.

"ಬಾಣಂತಿಗೆ ತಣ್ಣೀರೂ ಕೊಡಲ್ಲ, ಮೊಸರೂ ಕೊಡಲ್ಲ. ಈ ಐಸ್‌ನ ಮೈಯೊಳಕ್ಕೆ ಬಿಟ್ರೆ ಸನ್ನಿ ಹಿಡಿಯಲ್ವೇನೇ? ಸುಮ್ಕೆ ಕೂತ್ಕೋ."

ವ್ಯಾನಿನ ಸದ್ದಿನಲ್ಲಿ ಗಿರಿ ಮಾವನಿಗೆ ಏನೂ ಕೇಳಿಸಲಿಲ್ಲ. ಅವನು ಹಾರನ್ ಹೊಡೆಯುವುದರಲ್ಲೇ ಮುಳುಗಿದ್ದ. ರಾಯಕೋಟೆಯ ಬೆಟ್ಟ ಕಂಡಾಗ ಅಜ್ಜಿ ಚೀಲ ಮುಟ್ಟಿ ನೋಡಿ, "ಹದವಾಗೈತೆ" ಎಂದು ಮತ್ತೆ ಪೆಟ್ಟಿಗೆಯೊಳಗಿಟ್ಟಳು.

ನರ್ಸ್ ಬಾಗಿಲಲ್ಲೇ ಕಾಯುತ್ತಿದ್ದಳು. "ದಾರೀಲಿ ತೆಗೀಲಿಲ್ಲ ತಾನೆ?"

"ಇಲ್ಲ ಸಿಸ್ಟರ್" ಎಂದ ಗಿರಿ ಮಾವ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅಜ್ಜಿ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ನರ್ಸ್ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ವರಲಕ್ಷ್ಮಿ ಅವಳ ಹಿಂದೆಯೇ ಎರಡು ಹೆಜ್ಜೆ ಹಾಕಿದಳು. ಹೇಳಿದರೆ ಅಜ್ಜಿಗೆ ಎಲ್ಲರೆದುರು ಬೈಗುಳ, ಅಮ್ಮನಿಗೆ ಒಂದು ಚೀಲ ರಕ್ತ ಕಮ್ಮಿ. ಹೇಳದಿದ್ದರೆ ಅಮ್ಮನಿಗೆ ಏನಾಗುತ್ತದೋ ಗೊತ್ತಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಸಿಸ್ಟರ್! ಮೇಲ್ಗಡೆ ಚೀಲ ಆಚೆ ಇತ್ತು. ಅಜ್ಜಿ ಮಡಿಲಲ್ಲಿ, ಶಾಲು ಹೊದ್ಕೊಂಡು."

ನರ್ಸ್ ನಿಂತಳು. "ಎಷ್ಟೊತ್ತು?"

"ದಾರಿ ಉದ್ದಕ್ಕೂ."

"ಏನೇ ಹೇಳ್ತಿದ್ದೀಯ?" ಗಿರಿ ಮಾವ ಗದರಿದ.

"ಅವ್ಳು ಹೇಳೋದು ದಿಟ ಕಣ್ಲಾ" ಎಂದಳು ಅಜ್ಜಿ. "ಬೆಚ್ಚಗೆ ಮಾಡ್ದೆ. ತಪ್ಪಾ?"

"ಅಷ್ಟೊತ್ತು ಬೆಚ್ಚಗಿದ್ರೆ ಒಳಗೆ ಕ್ರಿಮಿ ಬೆಳೀಬೋದು ಅಜ್ಜಿ. ಕಣ್ಣಿಗೆ ಕಾಣಲ್ಲ. ಅದನ್ನ ಕೊಟ್ರೆ ಜೀವಕ್ಕೇ ಅಪಾಯ." ನರ್ಸ್ ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ. "ಕೆಳಗಿಂದು ಈಗ್ಲೇ ಹಾಕ್ತೀವಿ. ನೀವು ಓಡಿ, ಇನ್ನೊಂದು ತನ್ನಿ."

ಗಿರಿ ಮಾವ ಓಡಿದ. ಈ ಸಲ ಅಜ್ಜಿ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ನನ್ ಮಗಳಿಗೆ ನಾನೇ…" ಎಂದು ಅಷ್ಟಕ್ಕೇ ನಿಲ್ಲಿಸಿದಳು.

ವರಲಕ್ಷ್ಮಿ ಅಜ್ಜಿಯನ್ನೇ ನೋಡಿದಳು. ಅಮ್ಮ ಅಜ್ಜಿಯ ಮಗಳು ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ವ್ಯಾನಿನಲ್ಲಿ ಅಜ್ಜಿ ತನಗಿಂತ ಹೆಚ್ಚು ಹೆದರಿದ್ದಳು ಎಂದು ತಿಳಿದದ್ದು ಈಗ.

ಸಂಜೆಗೆ ಎರಡನೇ ಚೀಲವೂ ಮುಗಿಯುತ್ತ ಬಂತು. ಅಮ್ಮನ ತುಟಿಗೆ ಬಣ್ಣ ಬಂದಿತ್ತು. ವರಲಕ್ಷ್ಮಿಯನ್ನು ಒಳಗೆ ಬಿಟ್ಟರು. ಅಜ್ಜಿ ಹೊಸ್ತಿಲ ಆಚೆಯೇ ನಿಂತಳು.

"ರಕ್ತ ಯಾರು ತಂದಿದ್ದು?" ಅಮ್ಮ ಸಣ್ಣ ದನಿಯಲ್ಲಿ ಕೇಳಿದಳು.

ಅಜ್ಜಿ ತಲೆ ತಗ್ಗಿಸಿದಳು.

"ಅಜ್ಜಿ, ಮಾವ, ನಾನು. ಎಲ್ಲಾರೂ" ಎಂದಳು ವರಲಕ್ಷ್ಮಿ. ಬಾಗಿಲಿಗೆ ಹೋಗಿ ಅಜ್ಜಿಯ ಕೈ ಹಿಡಿದು ಒಳಗೆ ಕರೆತಂದಳು.