ಅರವತ್ತಕ್ಕೂ ಅರವತ್ತಮೂರಕ್ಕೂ ನಡುವೆ

"ರಿಪೇರಿ ಏನೂ ಬೇಡ. ಈ ಗಾಡಿ ಮೀಟರ್ ಸುಳ್ಳು ಹೇಳುತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

ಮುಳ್ಳಣ್ಣ ತಲೆಯೆತ್ತಿ ನೋಡಿದ. ಗಾಡಿಗಳ ಮೀಟರ್ ರಿಪೇರಿ ಮಾಡುವವನು, ಮಾತೂ ಒಂದಿಷ್ಟು ಚುಚ್ಚುವಂಥದ್ದು. ಹಾಗಾಗಿ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ನಲವತ್ತಾದರೂ ಮದುವೆಯಿಲ್ಲ. "ಮುಳ್ಳಿನ ಹತ್ರ ಯಾರು ಸೆರಗು ಸುಳಿಸ್ತಾರೆ ಬಿಡು" ಎಂದು ಅವನ ಅಕ್ಕನೇ ನಗುತ್ತಿದ್ದಳು.

"ಎಲ್ಲಾ ಮೀಟರೂ ಸುಳ್ಳು ಹೇಳ್ತವೆ ಮೇಡಂ," ಎಂದ. "ಕಂಪನಿಯವರೇ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಇಟ್ಟಿರ್ತಾರೆ. ನೀವು ಹೋಗ್ತಿರೋದು ಐವತ್ತೇಳು, ಅದು ಅರವತ್ತು ಅನ್ನುತ್ತೆ. ಮಕ್ಕಳನ್ನ ಗುಮ್ಮ ಬಂತು ಅಂತ ಹೆದರಿಸಿ ಮಲಗಿಸಲ್ವಾ, ಹಾಗೆ."

"ಕಡಿಮೆ ತೋರಿಸೋದು?"

"ಅದು ತೀರಾ ಅಪರೂಪ."

ಅವಳ ಮುಖ ದೀಪ ಆರಿದಂತಾಯಿತು. ಅವನಿಗೆ ಯಾಕೋ ತಾನಾಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು.

"ಆದ್ರೂ ಓಡಿಸಿ ನೋಡದೆ ಹೇಳಬಾರದು. ಬನ್ನಿ."

ಹೊರಗೆ ನಿಂತಿದ್ದುದು ಒಂದು ಪುಟ್ಟ ಜೀಪು. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು, ಬೆನ್ನಿಗೆ ದಪ್ಪ ದಿಂಬು ಒರಗಿಸಿದ್ದಳು. ಅಷ್ಟಾದರೂ ಅವಳ ಕಾಲು ಕ್ಲಚ್ಚಿಗೆ ಎಟುಕಿಯೂ ಎಟುಕದಂತಿತ್ತು.

"ಸೀಟು ಮುಂದಕ್ಕೆ ಎಳ್ಕೋಬಹುದಲ್ಲ?"

"ಬೇಡ. ಅದು ಅವರು ಇಟ್ಟಿದ್ದು."

ಅವನು ಪಕ್ಕದ ಬಾಗಿಲು ತೆಗೆದು ಹತ್ತಿದ.

ಗೋದಾಮುಗಳ ಹಿಂದಿನ ನೇರ ರಸ್ತೆಗೆ ಹೋದರು. ಅವಳು ಓಡಿಸುತ್ತಿದ್ದಳು, ಅವನು ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದ.

"ಮೀಟರ್ ಎಣಿಸೋದು ಚಕ್ರದ ಸುತ್ತು ಮಾತ್ರ. ಫೋನು ಮೇಲಿರೋ ಉಪಗ್ರಹಗಳನ್ನ ಕೇಳಿ ಹೇಳುತ್ತೆ. ಆದ್ರೆ ಸ್ವಲ್ಪ ನಿಧಾನಸ್ಥ, ಯೋಚನೆ ಮಾಡಿ ಉತ್ತರ ಕೊಡುತ್ತೆ. ಅದಕ್ಕೇ ಒಂದೇ ವೇಗದಲ್ಲಿ ಹಿಡ್ಕೊಳ್ಳಿ."

ಮುಳ್ಳು ಅರವತ್ತು ಮುಟ್ಟಿತು. ಅವನು ಫೋನನ್ನು ದೂರ ಹಿಡಿದ, ಇನ್ನೂ ದೂರ ಹಿಡಿದ, ಕಣ್ಣು ಕಿರಿದು ಮಾಡಿದ.

"ಕೈ ಇನ್ನಷ್ಟು ಉದ್ದ ಬೇಕಿತ್ತಾ?" ಅವಳು ಮೊದಲ ಸಲ ನಕ್ಕಳು. "ನಂದು ಕನ್ನಡಕದ ಅಂಗಡಿ. ನಾಳೆ ಬನ್ನಿ, ಕಣ್ಣು ನೋಡ್ತೀನಿ."

"ಐವತ್ತೇಳು," ಎಂದ ಅವನು, ಪೆಚ್ಚಾಗಿ.

ನಗು ಅಲ್ಲಿಗೇ ನಿಂತಿತು. ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿದಳು.

"ಹಾಗಾದ್ರೆ ಅವರು ಸುಳ್ಳೇ ಹೇಳಿದ್ರು," ಎಂದಳು, ತನಗೆ ತಾನೇ ಎಂಬಂತೆ.

ಆಮೇಲೆ ಹೇಳಿದಳು. ಅರವತ್ತು ದಾಟಿಸುವುದಿಲ್ಲ ಎಂದು ಗಂಡ ಮಾತು ಕೊಟ್ಟಿದ್ದನಂತೆ. ಆ ದಿನ ಇವಳು ಪಕ್ಕದಲ್ಲಿ ಕೂತು ಫೋನಿನಲ್ಲಿ ದಾರಿ ನೋಡುತ್ತಿದ್ದಳು. ಅದು ಅರವತ್ತಮೂರು ತೋರಿಸಿತು. ರೇಗಿದಳು. ಅವನು ನಗುತ್ತಾ, "ಅರವತ್ತೇ ಕಣೇ, ಬೇಕಾದ್ರೆ ಮುಳ್ಳು ನೋಡೇ" ಎಂದ. ಇವಳು ನೋಡಲಿಲ್ಲ. "ನಿಮ್ಮ ಬಾಯಲ್ಲಿ ಬರೋದೆಲ್ಲ ಸುಳ್ಳೇ" ಎಂದು ಮುಖ ತಿರುಗಿಸಿದಳು. ತಿರುವಿನಲ್ಲಿ ತಪ್ಪು ಬದಿಯಿಂದ ಲಾರಿ ಬಂತು.

"ನಾನು ಅವರಿಗೆ ಆಡಿದ ಕೊನೇ ಮಾತು ಅದು. ಈಗ್ಲೂ ಗಾಡಿ ಅರವತ್ತು ಮುಟ್ಟಿದ್ರೆ ಬರ್ತಾರೆ. ಕಿವಿ ಹತ್ರಾನೇ, 'ಮುಳ್ಳು ನೋಡೇ' ಅಂತಾರೆ."

ಬಿಸಿಲಿತ್ತು. ಆದರೂ ಮುಳ್ಳಣ್ಣನ ತೋಳಿನ ಮೇಲೆ ರೋಮ ಎದ್ದು ನಿಂತಿತು.

ಒಂದೇ ಸಲ ನೋಡಿ ತೀರ್ಮಾನ ಮಾಡಬಾರದು ಎಂದ ಅವನು. ಅದು ನಿಜವೂ ಹೌದು, ನೆಪವೂ ಹೌದು. ಭಾನುವಾರ ಬಂದರೆ ಇಬ್ಬರೂ ಅದೇ ರಸ್ತೆಯಲ್ಲಿರುತ್ತಿದ್ದರು. ಪ್ರತಿ ಸಲವೂ ಐವತ್ತೇಳು. ಪ್ರತಿ ಸಲವೂ ಅರವತ್ತರ ಹತ್ತಿರ ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು, ಅವನು ಕಿಟಕಿಯಾಚೆ ನೋಡುತ್ತಿದ್ದ. ಬರುಬರುತ್ತಾ ಆ ದನಿ ಅವನನ್ನೂ ಹಿಡಿದುಕೊಂಡಿತು. ಅಂಗಡಿಯಲ್ಲಿ ಯಾವುದೋ ಗಾಡಿಯ ಮೀಟರ್ ಬಿಚ್ಚಿ ಕೂತಿರುವಾಗ ಬೆನ್ನ ಹಿಂದೆ ಎತ್ತರದ ಗಂಡಸೊಬ್ಬ ಬಾಗಿ ನೋಡಿದಂತಾಗುತ್ತಿತ್ತು. ತಿರುಗಿದರೆ ಗೋಡೆ.

ಅವಳ ಅಂಗಡಿಗೂ ಹೋದ. ಮಬ್ಬು ಕೋಣೆಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳಿದಳು. ಅವಳ ಬೆರಳು ಅವನ ಕಿವಿಗೆ ತಾಗಿತು.

"ಇನ್ನೊಂದ್ಸಲ ತೋರಿಸಿ."

"ಮೂರು ಸಲ ತೋರಿಸಿದೆ."

"ಮುಳ್ಳು ಕೂಡಾ ಅಲ್ಲಾಡಿ ಅಲ್ಲಾಡಿ ತಾನೇ ನಿಲ್ಲೋದು?"

ಕನ್ನಡಕ ಹಾಕಿಕೊಂಡು ಕಣ್ಣು ಬಿಟ್ಟಾಗ ಅವನಿಗೆ ಮೊದಲು ಕಂಡದ್ದು ಅವಳ ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತು. ಇಷ್ಟು ದಿನ ಅದು ಕಂಡಿರಲೇ ಇಲ್ಲ. ಅವನು ನೋಡುತ್ತಿರುವುದನ್ನು ಅವಳೂ ನೋಡಿದಳು. ಕೂದಲು ಎಳೆದು ಮುಚ್ಚಿಕೊಳ್ಳಲು ಹೋದ ಕೈ ಅರ್ಧದಲ್ಲೇ ನಿಂತಿತು.

ಆ ವಾರವೇ ಜೀಪಿನ ಟೈರು ಪಂಕ್ಚರ್ ಆಯಿತು. ಗಾಡಿ ಅವನ ಬಳಿ ಬಿಟ್ಟು ಅವಳು ಕೆಲಸಕ್ಕೆ ಹೋದಳು. ಸ್ಟೆಪ್ನಿ ತೆಗೆದು ನೆಲಕ್ಕಿಟ್ಟವನು ಹೊಸ ಕನ್ನಡಕದಲ್ಲಿ ಅದರ ಮೇಲಿನ ಸಣ್ಣ ಅಂಕಿಗಳನ್ನು ಓದಿದ. ಗಾಡಿಯಲ್ಲಿದ್ದ ಟೈರುಗಳ ಅಂಕಿಯನ್ನೂ ಓದಿದ. ಎರಡೂ ಒಂದೇ ಅಲ್ಲ. ಸ್ಟೆಪ್ನಿ ದೊಡ್ಡದು.

ಹಾಗಾದರೆ ಆ ದಿನ ಗಾಡಿಗಿದ್ದದ್ದು ಈ ಅಳತೆಯ ಟೈರು. ಅಪಘಾತವಾದ ಮೇಲೆ ಗ್ಯಾರೇಜಿನವರು ಮಾಮೂಲಿಯದು ಹಾಕಿದ್ದಾರೆ, ಸ್ಟೆಪ್ನಿ ಮಾತ್ರ ಹಳೆಯದೇ ಉಳಿದಿದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದಾರಿ ನುಂಗುತ್ತದೆ. ಮೀಟರಿಗೆ ಅದು ತಿಳಿಯುವುದೇ ಇಲ್ಲ, ಅದು ಸುತ್ತು ಎಣಿಸುತ್ತಲೇ ಇರುತ್ತದೆ. ಮುಳ್ಳು ಅರವತ್ತು ಎಂದಾಗ ಗಾಡಿ ನಿಜವಾಗಿ ಓಡುತ್ತಿದ್ದುದು ಅರವತ್ತಮೂರರ ಹತ್ತಿರ.

ಸತ್ತವನು ಸುಳ್ಳು ಹೇಳಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ.

"ಏನಾಯ್ತೋ?" ಎಂದಳು ಅಕ್ಕ. ಹೇಳಿದ.

"ಹೇಳದೆ ಇದ್ರೆ?"

"ಅವನು ಸುಳ್ಳುಗಾರ ಅಂದ್ಕೊಂಡು, ಬೇಜಾರಾಗಿ, ನಿಧಾನಕ್ಕೆ ಮರೀಬಹುದು."

"ಹೇಳಿದ್ರೆ?"

"ಅವನ ಕಡೆಗೇ ಹೋಗಿಬಿಡ್ತಾಳೆ."

ಅಕ್ಕ ಅವನ ತಟ್ಟೆಯ ಪಕ್ಕಕ್ಕೆ ನೀರಿನ ಲೋಟ ಸರಿಸಿದಳು. "ಸತ್ತವರ ಜೊತೆ ಪಂದ್ಯ ಕಟ್ಟಬೇಡ್ವೋ. ಅವರು ದಣಿಯೋದೇ ಇಲ್ಲ. ಮೋಸ ಮಾಡಿ ಗೆದ್ದೆ ಅಂತಿಟ್ಕೋ, ಆಮೇಲೆ ಆಯುಷ್ಯ ಪೂರ್ತಿ ಅವನು ನಿನ್ನ ಬೆನ್ನ ಹಿಂದೇನೇ ನಿಂತಿರ್ತಾನೆ."

ಮಾರನೆಯ ದಿನ ಟೈರಿನಂಗಡಿಯ ಗೆಳೆಯನಿಂದ ಅದೇ ಅಳತೆಯ ಚಕ್ರಗಳನ್ನು ಕೇಳಿ ತಂದು ಜೀಪಿಗೆ ಹಾಕಿ, ಬಿಚ್ಚಿದವನ್ನು ಅದರ ಹಿಂಭಾಗಕ್ಕೆ ಪೇರಿಸಿದ. ಅವಳನ್ನು ಕರೆದ. ಏನೂ ಹೇಳಲಿಲ್ಲ, "ಓಡಿಸಿ" ಎಂದ ಅಷ್ಟೇ.

ಅದೇ ರಸ್ತೆ. ಮುಳ್ಳು ಏರಿತು. ಅರವತ್ತು. ಅವಳ ತುಟಿ ಅಲುಗಿತು. ಮುಳ್ಳಣ್ಣನ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದಂತಾಯಿತು.

"ಅರವತ್ತಮೂರು," ಎಂದ.

ಬ್ರೇಕಿಗೆ ಗಾಡಿ ಕಿರ್ರೆಂದು ನಿಂತಿತು. ಅವಳು ಫೋನ್ ಕಸಿದುಕೊಂಡಳು, ಅಷ್ಟರಲ್ಲಿ ಅದು ಸೊನ್ನೆಗಿಳಿದಿತ್ತು. ಅವನು ಟೈರಿನ ಸಂಗತಿ ಹೇಳಿದ. ಅವಳು ಸ್ಟಿಯರಿಂಗಿಗೆ ಹಣೆ ಒತ್ತಿದಳು. ಬಹಳ ಹೊತ್ತು ಅತ್ತಳು.

"ಆ ದೊಡ್ಡ ಟೈರು," ಎಂದಳು ಕೊನೆಗೆ, "ನಾನೇ ಕೊಡಿಸಿದ್ದು. ಅವರ ಹುಟ್ಟಿದ ದಿನಕ್ಕೆ. ಗಾಡಿ ಗತ್ತಾಗಿ ಕಾಣುತ್ತೆ ಅಂತ."

ಇದು ಅವನಿಗೆ ಗೊತ್ತಿರಲಿಲ್ಲ. "ಆ ಲಾರಿ ಎದುರಿಗೆ ಐವತ್ತೇಳಾದ್ರೂ ಅಷ್ಟೇ ಆಗಿರ್ತಿತ್ತು. ತಪ್ಪು ಬದಿಗೆ ಬಂದಿದ್ದು ಅದು. ನೀವಲ್ಲ, ಅವರೂ ಅಲ್ಲ."

"ಮುಚ್ಚಿಡಬಹುದಿತ್ತಲ್ಲ ನೀವು?"

"ಮುಚ್ಚಿಡೋಣ ಅಂತ್ಲೇ ಇದ್ದೆ."

"ಯಾಕೆ?"

ಅವನು ಕನ್ನಡಕ ತೆಗೆದ. ಅವಳ ಮುಖ ಮಸುಕಾದರೆ ಹೇಳುವುದು ಸುಲಭವೆನಿಸಿತು. "ಅವರು ಸುಳ್ಳುಗಾರರಾದ್ರೆ ನೀವು ಈ ಕಡೆ ತಿರುಗಿ ನೋಡ್ತೀರೇನೋ ಅಂತ."

ಅವಳು ಗಾಡಿ ಹೊರಡಿಸಿದಳು. ಅವನನ್ನು ಅಂಗಡಿಯ ಮುಂದೆ ಇಳಿಸಿ ಹೊರಟುಹೋದಳು. ಮಾಮೂಲಿ ಚಕ್ರ ಹಾಕಿಸಿಕೊಳ್ಳಲು ಬೇರೆ ಗ್ಯಾರೇಜಿಗೆ ಹೋದಳೆಂದೂ, ಕೇಳಿ ತಂದಿದ್ದ ಚಕ್ರಗಳನ್ನು ಗೆಳೆಯನ ಟೈರಿನಂಗಡಿಗೇ ತಲುಪಿಸಿದಳೆಂದೂ ಆಮೇಲೆ ತಿಳಿಯಿತು. ಭಾನುವಾರಗಳು ಬಂದವು, ಹೋದವು. ಬೇಸಿಗೆ ಕಳೆಯಿತು. ಅಕ್ಕ ಹಂಗಿಸುವುದನ್ನೂ ಬಿಟ್ಟಳು.

ಒಂದು ಸಂಜೆ ಅವನು ಅಂಗಡಿಯ ಬಾಗಿಲು ಎಳೆಯುತ್ತಿದ್ದಾಗ ಅವಳು ಬಂದಳು. ಬಸ್ಸಿಳಿದು ನಡೆದು ಬಂದಿದ್ದಳು, ಮುಖ ಬೆವೆತಿತ್ತು.

"ಗಾಡಿ ಎಲ್ಲಿ?"

"ಮನೇಲಿದೆ. ನಿಮ್ಮ ಕಾರಲ್ಲಿ ನನ್ನ ಬಿಡ್ತೀರಾ?" ಒಂದು ಕ್ಷಣ ತಡೆದಳು. "ಆವತ್ತಿಂದ ನಾನು ಯಾರ ಪಕ್ಕಾನೂ ಕೂತಿಲ್ಲ. ನಾನೇ ಓಡಿಸ್ತೀನಿ, ಇಲ್ಲಾ ಬಸ್ಸು. ಇವತ್ತು ಕೂರಬೇಕು ಅನ್ನಿಸ್ತು. ನಿಮ್ಮ ಪಕ್ಕ."

ಅವನಿಗೆ ಬೀಗದ ಕೈ ಯಾವುದು, ಕಾರಿನದು ಯಾವುದು ತಿಳಿಯದಾಯಿತು.

"ಒಂದು ಮಾತು," ಎಂದಳು. "ಅವರು ಹೋಗಿಲ್ಲ. 'ಮುಳ್ಳು ನೋಡೇ' ಅನ್ನೋದು ಬಿಟ್ಟಿದಾರೆ, ಅಷ್ಟೇ. ಈಗ ಸುಮ್ನೆ ಇರ್ತಾರೆ. ನನ್ನ ಜೊತೆ ಅವರೂ ಬರ್ತಾರೆ. ನಿಮಗೆ ಪರವಾಗಿಲ್ವಾ?"

ಮುಳ್ಳಣ್ಣ ತನ್ನ ಹಳೇ ಕಾರಿನ ಕಡೆ ನೋಡಿದ. ಹಿಂದಿನ ಸೀಟಿನ ತುಂಬ ಬಿಚ್ಚಿದ ಮೀಟರುಗಳು, ವೈರುಗಳು, ಖಾಲಿ ಡಬ್ಬಗಳು. ಹೋಗಿ ಒಂದೊಂದಾಗಿ ಎತ್ತಿ ಡಿಕ್ಕಿಗೆ ಹಾಕಿದ. ಸೀಟಿನ ಧೂಳನ್ನು ತೋಳಿನಿಂದ ಒರೆಸಿದ.

"ಎತ್ತರದವರು ಅಲ್ವಾ," ಎಂದ, "ಕಾಲು ಚಾಚೋಕೆ ಜಾಗ ಬೇಕು."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಮುಂದಿನ ಬಾಗಿಲು ತೆಗೆದು ಕೂತಳು. ಅವನು ಗಾಡಿ ಹೊರಡಿಸಿದ. ಮೊದಲ ತಿರುವು ಬಂದಾಗ ಅವಳ ಕೈ ಗಾಬರಿಯಿಂದ ಅವನ ತೋಳನ್ನು ಹಿಡಿಯಿತು. ತಿರುವು ಮುಗಿದ ಮೇಲೂ ಬಿಡಲಿಲ್ಲ.